ಅತ್ತೆಯ ನಂಬರಿನ ಫ್ರಾಕು

“ನಮ್ಮದು ಹೇಗಿದೆಯೇ?”

ಬೆಳಗ್ಗೆ ಆರೂವರೆಗೆ ಅಡುಗೆಮನೆಯಿಂದ ಅತ್ತೆ ಹೀಗೆ ಕೂಗಿದರೆ ಆ ಮನೆಗೆ ಬೆಳಗಾಯಿತೆಂದು ಅರ್ಥ. ಹೊಸಬರು ಯಾರಾದರೂ ಕೇಳಿಸಿಕೊಂಡರೆ ಸಾಕಿದ ಬೆಕ್ಕಿಗೇನೋ ಹುಷಾರಿಲ್ಲ ಎಂದುಕೊಳ್ಳಬೇಕು. ಅತ್ತೆ ವಿಚಾರಿಸುತ್ತಿದ್ದದ್ದು ತಮ್ಮ ಕಿಡ್ನಿಯನ್ನು. ಐದು ವರ್ಷದಿಂದ ಅದು ಸೊಸೆಯ ಕಿಬ್ಬೊಟ್ಟೆಯ ಬಲಗಡೆ, ಅಂಗೈ ಇಟ್ಟರೆ ಗಟ್ಟಿಯಾಗಿ ಸಿಗುವಷ್ಟು ಮೇಲೆಯೇ, ಮಲಗಿತ್ತು.

“ಚೆನ್ನಾಗಿದೆ ಅತ್ತೆ.”

“ರಾತ್ರಿ ಎಷ್ಟು ಸಲ ಎದ್ದೆ?”

“ಎರಡು ಸಲ.”

“ಬಣ್ಣ?”

“ತಿಳಿಯಾಗಿತ್ತು.”

ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದ ಗಂಡ ನೊರೆ ಮೆತ್ತಿದ ಬಾಯಲ್ಲೇ, “ಹವಾಮಾನ ವರದಿ ಮುಗೀತಾ? ನಾನಿನ್ನು ಸ್ನಾನಕ್ಕೆ ಹೋಗ್ಲಾ?” ಎನ್ನುತ್ತಿದ್ದ. ಐದು ವರ್ಷದಿಂದ ಅದೇ ಜೋಕು. ಮೊದಮೊದಲು ಅವಳಿಗೂ ನಗು ಬರುತ್ತಿತ್ತು.

ಮೇಜಿನ ಮೇಲೆ ಎರಡು ಗಾಜಿನ ಜಗ್ಗು. ಅವುಗಳ ಮೈಮೇಲೆ ಅತ್ತೆ ಉಗುರಿನ ಬಣ್ಣದಲ್ಲಿ ಎಳೆದ ಕೆಂಪು ಗೆರೆಗಳು. ಕೆಲಸಕ್ಕೆ ಹೊರಡುವುದರೊಳಗೆ ನೀರು ಇಲ್ಲಿಗೆ ಇಳಿದಿರಬೇಕು, ಸಂಜೆ ಬಂದ ಮೇಲೆ ಇಲ್ಲಿಗೆ. ಎಂಟಕ್ಕೆ ಸರಿಯಾಗಿ ಮಾತ್ರೆ. ಎಂಟೂಕಾಲಾದರೆ ಅತ್ತೆ ಗಡಿಯಾರವನ್ನೂ ಸೊಸೆಯನ್ನೂ ಒಂದೇ ಕಣ್ಣಿನಲ್ಲಿ ನೋಡುತ್ತಿದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಹೆಂಗಸು. ಅವರ ಮಾತಿಗೆ ಉತ್ತರ ಬರುವವರೆಗೆ ಲೈನು ಕಟ್ಟಾಗುತ್ತಿರಲಿಲ್ಲ.

ಅವಳು ಕೆಲಸಕ್ಕೆ ಹೋಗುತ್ತಿದ್ದದ್ದು ಎರಡು ಬೀದಿ ಆಚೆಯ ಲಾಂಡ್ರಿಗೆ. ಅಲ್ಲಿ ಎಲ್ಲರಿಗೂ ಅವಳು ನಂಬರಮ್ಮ. ಬಂದ ಬಟ್ಟೆಗೆ ಗುರುತು ಹಾಕುವುದು ಅವಳ ಕೆಲಸ. ಅಂಗಿಯಾದರೆ ಕಾಲರಿನ ಒಳಗೆ, ಪ್ಯಾಂಟಾದರೆ ಸೊಂಟಪಟ್ಟಿಯ ಹಿಂದೆ, ಬೆಡ್‌ಶೀಟಾದರೆ ಮೂಲೆಯ ಮಡಿಕೆಯಲ್ಲಿ, ಎಷ್ಟು ಕುದಿಸಿದರೂ ಹೋಗದ ಕಪ್ಪು ಶಾಯಿಯಲ್ಲಿ ಗಿರಾಕಿಯ ನಂಬರು. ಕಪ್ಪು ಕೋಟಿಗೆ ಬಿಳಿ ಬಟ್ಟೆಯ ಚೂರಿನ ಮೇಲೆ ಬರೆದು ಎರಡು ಹೊಲಿಗೆ. ಕಲೆ ಇದ್ದ ಕಡೆ ಅದರ ಸುತ್ತ ಕೆಂಪು ದಾರದಲ್ಲಿ ಸಡಿಲವಾಗಿ ಒಂದು ಸುತ್ತು ಹಾಕುತ್ತಿದ್ದಳು, ಕಲೆ ತೆಗೆಯುವವನು ಹುಡುಕಾಡಬಾರದಲ್ಲ. ಒಳಗಿನ ಯಂತ್ರಗಳಲ್ಲಿ ಊರವರ ಬಟ್ಟೆಗಳೆಲ್ಲ ಒಂದನ್ನೊಂದು ತಬ್ಬಿಕೊಂಡು ಹೊರಳಾಡಿ ಬಂದರೂ ಕೊನೆಗೆ ಯಾರದ್ದು ಅವರಿಗೇ ಸೇರಬೇಕು. ಅವಳ ಕೈಯಿಂದ ಒಂದು ಕರ್ಚೀಫು ಕೂಡ ತಪ್ಪು ಮನೆಗೆ ಹೋಗಿಲ್ಲ ಎಂದು ಯಜಮಾನರು ಗಿರಾಕಿಗಳ ಮುಂದೆ ಬಾಯಿ ತುಂಬ ಹೇಳುತ್ತಿದ್ದರು.

ಕಾಯಿಲೆ ಬಂದದ್ದು ಹೆರಿಗೆಯ ಬೆನ್ನಿಗೆ. ಬಸುರಿನಲ್ಲಿ ಏರಿದ ಬಿಪಿ ಇಳಿಯಲೇ ಇಲ್ಲ. ಮಗಳು ಅಂಬೆಗಾಲಿಡುವ ಹೊತ್ತಿಗೆ ಅವಳ ಎರಡು ಕಿಡ್ನಿಗಳೂ ಕೈಚೆಲ್ಲಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್. ದಿನಕ್ಕೆ ಎರಡೂವರೆ ಲೋಟ ನೀರು, ಮಾತ್ರೆ ನುಂಗುವ ಗುಟುಕೂ ಅದರಲ್ಲೇ. ಆಗ ಇದೇ ಅತ್ತೆ ನೀರಿನ ಫಿಲ್ಟರಿಗೆ ಬೀಗ ಹಾಕುವುದೊಂದು ಬಾಕಿ. ಒಂದು ದಿನ ಮಗುವಿಗೆ ಸ್ನಾನ ಮಾಡಿಸುತ್ತಿದ್ದವಳು ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಅದರ ಒದ್ದೆ ಕೂದಲನ್ನು ಬಾಯಿಗಿಟ್ಟು ಚೀಪಿದ್ದಳು. ಸೋಪಿನ ರುಚಿ. ಅಮ್ಮ ಆಟವಾಡುತ್ತಿದ್ದಾಳೆ ಎಂದು ಮಗು ಕೇಕೆ ಹಾಕಿ ನಕ್ಕಿತ್ತು.

ಕಿಡ್ನಿ ಕೊಡುವವರು ಯಾರು? ತಾಯಿ ತೀರಿಹೋಗಿದ್ದಳು. ತಂದೆಗೆ ಸಕ್ಕರೆ ಕಾಯಿಲೆ. ಅಣ್ಣನ ಪರವಾಗಿ ಅತ್ತಿಗೆ ಫೋನಿನಲ್ಲಿ ಅತ್ತಳು, ಆ ಅಳುವೇ ಉತ್ತರ. ಉಳಿದವನು ಗಂಡ. ಮನೆಮನೆಗೆ ಹೋಗಿ ವಿದ್ಯುತ್ ಮೀಟರು ನೋಡುವ ಕೆಲಸದವನು, ನಗಿಸುವ ಸ್ವಭಾವದವನು, ಬೀದಿಗೆಲ್ಲ ಬೇಕಾದವನು. “ನಂದಿದೆಯಲ್ಲ, ಅದಕ್ಯಾಕೆ ಅಳ್ತೀಯ?” ಎಂದಿದ್ದ. ರಕ್ತದ ಗುಂಪು ಹೊಂದಿತು. ಎರಡು ತಿಂಗಳು ಒಂದರ ಮೇಲೊಂದು ಪರೀಕ್ಷೆ ನಡೆಯಿತು. ಕೊನೆಗೆ ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವನೊಬ್ಬನನ್ನೇ ಒಳಗೆ ಕರೆದರು. ಅರ್ಧ ಗಂಟೆ ಬಿಟ್ಟು ಹೊರಬಂದವನು ಬಾಗಿಲ ಚೌಕಟ್ಟು ಹಿಡಿದು ನಿಂತು, “ನಂದು ಆಗಲ್ವಂತೆ,” ಎಂದ.

“ಯಾಕಂತೆ?”

“ಕಾರಣ ಹೇಳಲ್ವಂತೆ. ಆಗಲ್ಲ ಅಂದ್ರೆ ಆಗಲ್ಲ, ಅಷ್ಟೇ ಅಂದ್ರು.”

ಆಮೇಲೆ ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟು ತಿಂಡಿ ತಿಂದ. ಪಾಪ, ಸಂಕಟಕ್ಕೂ ಹಸಿವಾಗುತ್ತದೆ ಎಂದುಕೊಂಡು ಅವಳು ತನ್ನ ಪಾಲಿನ ಬ್ರೆಡ್ಡನ್ನೂ ಅವನತ್ತ ಸರಿಸಿದ್ದಳು.

ಮೂರನೇ ದಿನ ಅತ್ತೆ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತರು. ಆಗ ಅವರಿಗೆ ಐವತ್ತಾರು. “ನಂದು ನೋಡ್ಲಿ ನಡಿ. ಮಗುಗೆ ತಾಯಿ ಬೇಕು,” ಎಂದರು. ಅದಕ್ಕಿಂತ ಹೆಚ್ಚಿಗೆ ಒಂದು ಮಾತಿಲ್ಲ.

ಆಪರೇಷನ್ನಿನ ದಿನ ಇಬ್ಬರ ಕೈಗೂ ನಂಬರು ಬರೆದ ಪಟ್ಟಿ ಕಟ್ಟಿದರು. ಅವಳು ಅತ್ತೆಯ ಪಟ್ಟಿಯನ್ನೂ ತನ್ನ ಪಟ್ಟಿಯನ್ನೂ ಮೂರು ಸಲ ಹೋಲಿಸಿ ನೋಡಿದಳು. “ನಿಮ್ಮ ಲಾಂಡ್ರಿ ಅಲ್ಲಮ್ಮ ಇದು, ಅದಲುಬದಲು ಆಗಲ್ಲ,” ಎಂದು ನರ್ಸು ನಕ್ಕಳು. ಮತ್ತೆ ಎಚ್ಚರವಾದಾಗ ಅದೇ ನರ್ಸು ಮಂಚಕ್ಕೆ ತೂಗುಹಾಕಿದ ಚೀಲವನ್ನು ಎತ್ತಿ ತೋರಿಸಿದಳು. ತಿಳಿ ಹಳದಿ. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ! ಮೂತ್ರ ಕಂಡು ಅಷ್ಟು ಸಂತೋಷದಿಂದ ಅತ್ತವರನ್ನು ಆ ವಾರ್ಡಿನ ಹೊರಗೆ ಎಲ್ಲೂ ನೋಡಲು ಸಿಗುವುದಿಲ್ಲ. ಎರಡು ದಿನ ಬಿಟ್ಟು ಅತ್ತೆ ಗಾಲಿಕುರ್ಚಿಯಲ್ಲಿ, ಪಕ್ಕೆಯ ಗಾಯದ ಮೇಲೆ ಕೈಯಿಟ್ಟುಕೊಂಡು, ನೋಡಲು ಬಂದರು. ಸೊಸೆಯ ಮುಖ ನೋಡುವ ಮೊದಲು ಚೀಲ ನೋಡಿದರು. “ಪರವಾಗಿಲ್ವೇ, ಕೆಲಸಗಳ್ಳ ಅಲ್ಲ ಅದು. ನನ್ನ ಹಾಗೇ,” ಎಂದರು. ವಾರ್ಡಿಗೆ ವಾರ್ಡೇ ನಕ್ಕಿತು. ನಕ್ಕು ನಕ್ಕು ಅವಳ ಹೊಲಿಗೆ ಎಳೆದು ಕಣ್ಣಲ್ಲಿ ನೀರು ಬಂತು.

ಆ ಗಳಿಗೆಯಲ್ಲಿ ಅತ್ತೆ ಪ್ರಾಣ ಕೇಳಿದ್ದರೂ ಕೊಟ್ಟುಬಿಡುತ್ತಿದ್ದಳು. ಅತ್ತೆ ಪ್ರಾಣ ಕೇಳಲಿಲ್ಲ. ಮಗುವನ್ನು ತೆಗೆದುಕೊಂಡರು, ಅದೂ ಒಂದೇ ಸಲಕ್ಕಲ್ಲ. ಒಂದೊಂದು ನೆಗಡಿಗೆ ಒಂದೊಂದಿಷ್ಟು.

ಬೇರೆಯವರ ಅಂಗ ಮೈಯಲ್ಲಿ ನಿಲ್ಲಬೇಕಾದರೆ ರೋಗ ತಡೆಯುವ ಶಕ್ತಿಯನ್ನು ಮಾತ್ರೆಯಿಂದ ತಗ್ಗಿಸಿಯೇ ಇಡಬೇಕು. ಹಾಗಾಗಿ ಯಾರ ಸೀನೂ ಅವಳಿಗೆ ಸಣ್ಣದಲ್ಲ. ಮೊದಲ ಆರು ತಿಂಗಳು ಬಹಳ ಎಚ್ಚರ, ಆಮೇಲೆ ಕೈ ತೊಳೆದುಕೊಂಡು ಎಲ್ಲರ ಹಾಗೆ ಇರಬಹುದು, ಎಂದು ಡಾಕ್ಟರು ಹೇಳಿದ್ದರು. ಅತ್ತೆ ಆ ಮಾತಿನ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡಿದ್ದರು. ಶಾಲೆಗೆ ಹೋಗುವ ಮಗುವಿನ ಮೂಗು ಯಾವ ತಿಂಗಳು ಒಣಗಿರುತ್ತದೆ? “ನನ್ನ ಕಿಡ್ನಿಗೆ ನೆಗಡಿ ಹತ್ತಿಸ್ಬೇಡ ಪುಟ್ಟಿ, ಬಾ ಈಚೆ.” ಹಾಗೆಂದು ಮೊದಲು ಮಗುವಿನ ದಿಂಬು ಅಜ್ಜಿಯ ಕೋಣೆಗೆ ಹೋಯಿತು. ಆಮೇಲೆ ಟವೆಲ್ಲು, ಹಲ್ಲುಜ್ಜುವ ಬ್ರಷ್ಷು. ಆಮೇಲೆ ತಲೆ ಬಾಚುವುದು. ಮೊದಲ ಹಲ್ಲು ಬಿದ್ದದ್ದು ಅಜ್ಜಿಯ ಅಂಗೈಗೆ. ಅಮ್ಮನಿಗೆ ಅದನ್ನು ಡೆಟಾಲಿನಲ್ಲಿ ತೊಳೆದು, ಬಾಗಿಲಲ್ಲಿ ನಿಂತು ತೋರಿಸಿದರು.

ಪೂರಾ ತಪ್ಪು ಅತ್ತೆಯದ್ದೇ ಎನ್ನುವಂತೆಯೂ ಇರಲಿಲ್ಲ. ಮಗು ಕೆಮ್ಮಿದರೆ ಅವಳ ಎದೆಯೂ ಧಸಕ್ಕೆನ್ನುತ್ತಿತ್ತು. ಜ್ವರವಿದೆಯೇ ಎಂದು ಅದರ ಹಣೆ ಮುಟ್ಟುವ ಮೊದಲು ತನ್ನ ಬಾಯಿಗೆ ಕೈ ಹೋಗುತ್ತಿತ್ತು. ಆ ಕೈ ಮಗುವಿಗೆ ಕಾಣುತ್ತಿತ್ತು. ಐದನೇ ವಯಸ್ಸಿಗೆ ಅದು ತಾನೇ ಒಂದು ಉಪಾಯ ಕಂಡುಕೊಂಡಿತು. ಅಮ್ಮನ ಹತ್ತಿರ ಬರುವಾಗ ಕೆನ್ನೆ ಉಬ್ಬಿಸಿ ಉಸಿರು ಹಿಡಿಯುವುದು, ಅಪ್ಪಿಕೊಂಡು, ಓಡಿಹೋಗಿ ಹಜಾರದ ಆ ತುದಿಯಲ್ಲಿ ಭುಸ್ಸೆಂದು ಬಿಡುವುದು. “ಅಮ್ಮಾ, ಇವತ್ತು ಹತ್ತೊಂಬತ್ತು ಎಣಿಸೋವರ್ಗೂ ಅಪ್ಕೊಂಡಿದ್ದೆ!” ಎಂದು ಅಲ್ಲಿಂದಲೇ ಕೂಗುತ್ತಿತ್ತು. ಮನೆಗೆ ಬಂದವರು ಏನು ಜಾಣ ಮಗು ಎನ್ನುತ್ತಿದ್ದರು.

ಲಾಂಡ್ರಿಯಲ್ಲಿ ಶನಿವಾರ ಕೆಲಸದವರು ತಮ್ಮ ಮನೆಯ ಬಟ್ಟೆಯನ್ನೂ ಹಾಕಿಕೊಳ್ಳಬಹುದಿತ್ತು. ಅವಳ ಮನೆಗೆ ಎರಡು ನಂಬರು. ಗಂಡ, ಹೆಂಡತಿ, ಮಗುವಿಗೆ ಇನ್ನೂರ ಹನ್ನೆರಡು. ತಮ್ಮ ಬಟ್ಟೆ ಬೇರೆಯಾಗಿಯೇ ಇರಲಿ ಎಂದು ಅತ್ತೆ ಹಟ ಹಿಡಿದಿದ್ದರಿಂದ ಅವರಿಗೆ ಇನ್ನೂರ ಹದಿಮೂರು. ಮಗಳಿಗೆ ಏಳು ತುಂಬಿದ ವರ್ಷ, ಒಂದು ಶನಿವಾರ, ಇಸ್ತ್ರಿ ಮಾಡುವ ಅಕ್ಕ ಒಂದು ಹಳದಿ ಫ್ರಾಕಿನ ಕತ್ತನ್ನು ಮಗುಚಿ ನೋಡಿ ಜೋರಾಗಿ ನಕ್ಕಳು.

“ಏನೇ ನಂಬರಮ್ಮ, ಮಗಳನ್ನ ಅತ್ತೆಗೆ ಬರ್ಕೊಟ್ಬಿಟ್ಯಾ?”

“ಏನಕ್ಕಾ?”

“ನೋಡಿಲ್ಲಿ. ಇನ್ನೂರ ಹದಿಮೂರು. ನಿನ್ನದೇ ಅಕ್ಷರ.”

ನಂಬರಮ್ಮ ಫ್ರಾಕನ್ನು ಕಿತ್ತುಕೊಂಡು ನೋಡಿದಳು. ಅವಳದ್ದೇ ಅಕ್ಷರ, ಕೈ ನಡುಗದೆ, ಅವಸರವಿಲ್ಲದೆ ಬರೆದದ್ದು. ಬರೆಯುವಾಗ ಒಂದು ಚೂರೂ ಅನುಮಾನ ಬಂದಿರಲಿಲ್ಲ. ಬುಟ್ಟಿಯಲ್ಲಿ ಕೈಹಾಕಿ ಉಳಿದದ್ದನ್ನೂ ತೆಗೆದಳು: ಎರಡು ಶಾಲೆಯ ಅಂಗಿ, ಒಂದು ಪೈಜಾಮ. ಎಲ್ಲಕ್ಕೂ ಅದೇ. ಊರವರ ಕರ್ಚೀಫನ್ನೂ ದಾರಿ ತಪ್ಪಿಸದವಳು ತನ್ನ ಮಗಳನ್ನು ಬೇರೆ ಮನೆಯ ಗಂಟಿಗೆ ಸೇರಿಸಿದ್ದಳು.

“ಅಯ್ಯೋ, ನಗೋಕೆ ಅಂದೆ ಕಣೇ. ಮುಖ ಯಾಕೆ ಹಾಗ್ಮಾಡ್ತೀಯ? ಗೆರೆ ಎಳೆದು ಕೆಳಗೆ ಸರಿ ನಂಬರು ಬರಿ.”

ಅವಳು ಗೆರೆ ಎಳೆದಳು. ಆ ಶಾಯಿ ಹೋಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಅದೇ ವಾರ ಯಜಮಾನರು ಕರೆದರು. ಊರಿನ ಆ ತುದಿಯಲ್ಲಿ ಹೊಸದೊಂದು ಕೌಂಟರು ತೆರೆಯುತ್ತಿದ್ದರು. ಅಲ್ಲಿ ಬಟ್ಟೆ ತೆಗೆದುಕೊಂಡು ಗುರುತು ಹಾಕಿ ವ್ಯಾನಿಗೆ ಕಳಿಸುವುದಷ್ಟೇ ಕೆಲಸ. ಮೇಲೆ ಒಂದು ಕೋಣೆ, ಸಣ್ಣ ಅಡುಗೆ ಕಟ್ಟೆ, ಹಿಂದಿನ ಬೀದಿಯಲ್ಲೇ ಶಾಲೆ. “ಹತ್ತು ದಿನದಲ್ಲಿ ಹೇಳಮ್ಮ. ಇಲ್ಲಾಂದ್ರೆ ನನ್ನ ಷಡ್ಡಕನ ಮಗಳು ಕಾಯ್ತಾ ಕೂತಿದ್ದಾಳೆ. ಅವಳಿಗೆ ಒಂಬತ್ತಕ್ಕೂ ಆರಕ್ಕೂ ವ್ಯತ್ಯಾಸ ಗೊತ್ತಿಲ್ಲ. ನನ್ನನ್ನ ಕಾಪಾಡು.”

ಒಂದೇ ಕೋಣೆ. ಅವಳಿಗೆ ಬೇಕಾದದ್ದೂ ಅದೇ. ದಿಂಬು ಹೊತ್ತುಕೊಂಡು ಹೋಗಲು ಇನ್ನೊಂದು ಕೋಣೆಯೇ ಇಲ್ಲದ ಮನೆ.

ಸಂಜೆ ಊಟಕ್ಕೆ ಕೂತಾಗ ಹೇಳಿದಳು. ಗಂಡ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ.

“ಎಲ್ರೂ ಹೋಗೋದಾ? ಅಮ್ಮ ಒಬ್ರೇ ಇಲ್ಲಿರೋದಾ?”

“ನೀವಿಬ್ರೂ ಇಲ್ಲೇ ಇರಿ. ವಾರಕ್ಕೊಮ್ಮೆ ಬಂದು ಹೋಗಿ. ನಾನು, ಪುಟ್ಟಿ ಹೋಗ್ತೀವಿ. ಸ್ವಲ್ಪ ದಿನ ನೋಡೋಣ ರೀ.”

ಗಂಡ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ನಗುತ್ತಲೇ, “ಅಮ್ಮನ ಕಿಡ್ನಿ ಇಟ್ಕೊಂಡು ಎಲ್ಲಿಗೇ ಹೋಗ್ತೀಯ ನೀನು?” ಎಂದ.

ಜೋಕಿನ ಹಾಗೆಯೇ ಹೇಳಿದ್ದ. ಆದರೆ ಯಾರೂ ನಗಲಿಲ್ಲ, ಅವನೂ ಮುಂದಕ್ಕೆ ನಗಲಿಲ್ಲ. ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಮಗು ಅವರ ಬೆನ್ನಿಗೇ ಎದ್ದು ಹೋಯಿತು.

ಮರುದಿನ ಆರೂವರೆಗೆ ಅಡುಗೆಮನೆಯಿಂದ ಯಾವ ಪ್ರಶ್ನೆಯೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಐದು ವರ್ಷ ಯಾವುದರಿಂದ ಉಸಿರುಕಟ್ಟಿತ್ತೋ ಅದು ನಿಂತರೆ ಹಾಯೆನಿಸಬೇಕಿತ್ತು; ಅವಳು ಮಾತ್ರ ಬಾತ್‌ರೂಮಿನಿಂದ ಹೊರಬಂದು ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಅತ್ತೆ ತಿರುಗಿ ನೋಡುತ್ತಿರಲಿಲ್ಲ. ಜಗ್ಗುಗಳು ತುಂಬಿಯೇ ಇರುತ್ತಿದ್ದವು. ಗಂಡನ ಚಿಕ್ಕಪ್ಪ ಫೋನು ಮಾಡಿದರು. ಕಬ್ಬಿಣದ ಅಂಗಡಿ ಇಟ್ಟು ಜೀವನವಿಡೀ ಕೂಗಿಯೇ ಮಾತಾಡಿದವರು. ಸ್ಪೀಕರಿಗೆ ಹಾಕದೆಯೇ ಮನೆಗೆಲ್ಲ ಕೇಳಿಸುತ್ತಿತ್ತು. “ನಮ್ಮತ್ತಿಗೆ ಮೈ ಕುಯ್ಸಿಕೊಂಡು ಕೊಟ್ರಮ್ಮ ನಿನಗೆ. ಹೆತ್ತ ತಾಯಿ ಮಾಡ್ತಿರ್ಲಿಲ್ಲ. ಉಪಕಾರ ಸ್ಮರಣೆ ಅನ್ನೋದು ಒಂಚೂರಾದ್ರೂ ಬೇಡ್ವಾ?” ಬೇಕು, ಇದೆ, ಬೆಟ್ಟದಷ್ಟಿದೆ, ಅದರ ಕೆಳಗೇ ನಾನು ಸಿಕ್ಕಿಕೊಂಡಿರೋದು ಎಂದು ಹೇಳಬೇಕೆನಿಸಿತು. “ಇದೆ ಚಿಕ್ಕಮಾವ,” ಎಂದಷ್ಟೇ ಹೇಳಿ ಫೋನಿಟ್ಟಳು.

ಒಂಬತ್ತನೇ ದಿನ ಆಸ್ಪತ್ರೆಯಲ್ಲಿ ವರ್ಷದ ತಪಾಸಣೆ. ಕೊಟ್ಟವರು, ಪಡೆದವರು ಇಬ್ಬರೂ ಒಟ್ಟಿಗೆ ಬರಬೇಕು. ಅತ್ತೆ ಸೊಸೆ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ತುಟಿ ಪಿಟಕ್ಕೆನ್ನದೆ ಕೂತು ಹೋದರು. ರಕ್ತ ಕೊಟ್ಟಾಯಿತು. ಹತ್ತಿ ಒತ್ತಿಕೊಂಡು ಉದ್ದನೆಯ ಬೆಂಚಿನ ಮೇಲೆ ಕೂತರು. ಎದುರು ಬೆಂಚಿನಲ್ಲಿ ಒಂದು ಎಳೆಯ ಜೋಡಿ. ಹುಡುಗಿಯ ಮೊಣಕೈಯ ಹತ್ತಿರ ಡಯಾಲಿಸಿಸ್ಸಿನ ಬ್ಯಾಂಡೇಜು, ಒಣಗಿ ಬಿರಿದ ತುಟಿ. ಹುಡುಗ ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದ. ಒಳಗಿನಿಂದ ಒಬ್ಬ ಹೆಂಗಸು ಬಂದು, “ನೀವೊಬ್ರೇ ಬನ್ನಿ. ಅವರು ಬೇಡ, ನೀವೊಬ್ರೇ,” ಎಂದು ಅವನನ್ನು ಕರೆದುಕೊಂಡು ಹೋದಳು.

ಅರ್ಧ ಗಂಟೆ ಆಯಿತು. ಹುಡುಗ ಹೊರಗೆ ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತ.

“ನಂದು ಆಗಲ್ವಂತೆ,” ಎಂದ.

ಹುಡುಗಿ ಯಾಕೆ ಎಂದು ಕೇಳಲೂ ಇಲ್ಲ. ತಲೆ ತಗ್ಗಿಸಿದಳು. ಅವನು ಅವಳ ಪಕ್ಕ ಕೂತು, ಬೆವರು ಒರೆಸಿಕೊಂಡು, ಗೋಡೆಯ ಗಡಿಯಾರ ನೋಡಿ ಕೇಳಿದ: “ಕ್ಯಾಂಟೀನು ತೆಗೆದಿರುತ್ತಾ?”

ನಂಬರಮ್ಮನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಒಂದು ಮೂಲೆಯ ಗುರುತು ಕಂಡರೆ ಇಡೀ ಗಂಟು ಯಾರದ್ದೆಂದು ಹೇಳುವ ಕಣ್ಣು ಅವಳದ್ದು. ಅತ್ತೆಯ ಕಡೆ ತಿರುಗಿದಳು. ಅತ್ತೆಯೂ ಆ ಹುಡುಗನನ್ನೇ ನೋಡುತ್ತಿದ್ದರು.

“ಅತ್ತೆ, ಇವರದ್ದು ಆಗ್ತಿತ್ತಾ?”

ಯಾರದ್ದು ಎಂದು ಅತ್ತೆ ಕೇಳಲಿಲ್ಲ. ಕೈಚೀಲದ ಜಿಪ್ಪು ತೆಗೆದರು, ಹಾಕಿದರು.

“ಆಗ್ತಿತ್ತು.”

ಅತ್ತೆಯೇ ಮುಂದುವರಿಸಿದರು. ಆ ದನಿ ಅಷ್ಟು ತಗ್ಗಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. “ಕೊಡೋಕೆ ಮನಸ್ಸಿಲ್ಲ ಅಂದವ್ರನ್ನೂ ಇಲ್ಲಿ ‘ಆಗಲ್ಲ’ ಅಂತಾನೇ ಕಳಿಸ್ತಾರೆ. ಮನೆಯವ್ರಿಗೆ ಕಾರಣ ಹೇಳಲ್ಲ. ಒಳ್ಳೇದಕ್ಕೇ ಮಾಡ್ತಾರೆ. ಬಲವಂತಕ್ಕೆ ಯಾರೂ ಕೊಡಬಾರ್ದಲ್ಲ. ಅವತ್ತು ಮನೆಗೆ ಬಂದು ನನ್ನ ಮಡಿಲಿಗೆ ಬಿದ್ದು ಅತ್ತ. ‘ಭಯ ಆಗುತ್ತಮ್ಮ’ ಅಂದ. ಮೂವತ್ತನಾಲ್ಕು ವರ್ಷದ ಗಂಡಸು. ನಾನೇನು ಮಾಡ್ಲಿ, ಹಿಡ್ಕೊಂಡು ಹೊಡೀಲಾ?”

“ಅದಕ್ಕೇ ನೀವು ಕೊಟ್ರಾ?”

“ನೀನು ಸತ್ತಿದ್ರೆ ಅವನು ಆ ಮುಖ ಹೊತ್ಕೊಂಡು ಹೇಗೆ ಬದುಕ್ತಿದ್ದ? ನಾನು ಕೊಟ್ಟಿದ್ದು ಅವನಿಗೆ ಕಣೇ. ಇಟ್ಟಿದ್ದು ನಿನ್ನ ಹೊಟ್ಟೇಲಿ.”

ಐದು ವರ್ಷದ ಬೆಳಗುಗಳು ಅವಳ ಕಣ್ಣ ಮುಂದೆ ಹಾದುಹೋದವು. ಭಯಪಟ್ಟದ್ದಕ್ಕೆ ಅವನ ಮೇಲೆ ಸಿಟ್ಟು ಬರಲಿಲ್ಲ, ಭಯ ಯಾರಿಗಿಲ್ಲ. ಆ ಮೊಟ್ಟೆ ನೆನಪಾಗಿ ಬಂತು ಸಿಟ್ಟು. ಅಮ್ಮನ ಕಿಡ್ನಿ ಇಟ್ಕೊಂಡು ಎಲ್ಲಿಗೇ ಹೋಗ್ತೀಯ. ಅತ್ತೆಯ ಮೇಲೆ ಏನು ಬರಬೇಕೋ ತಿಳಿಯಲಿಲ್ಲ. ಕೊಟ್ಟದ್ದಂತೂ ಸುಳ್ಳಲ್ಲ. ಅಷ್ಟು ಹೊತ್ತೂ ಅವಳ ಹೊಟ್ಟೆಯೊಳಗಿನದು ಯಾರ ಮೇಲೂ ಬೇಜಾರಿಲ್ಲದೆ ತನ್ನ ಪಾಡಿಗೆ ತಾನು ದುಡಿಯುತ್ತಲೇ ಇತ್ತು. ಅಂಥ ಹೊತ್ತಿನಲ್ಲೂ ಅವಳಿಗೆ ಅವಸರವಾಗಿ ಬಾತ್‌ರೂಮಿಗೆ ಹೋಗಬೇಕಾಯಿತು.

ವಾಪಸು ಬಂದು ಕೂತು ಹೇಳಿದಳು: “ಪುಟ್ಟಿನ ಕರ್ಕೊಂಡು ಹೋಗ್ತೀನಿ ಅತ್ತೆ.”

ಎದುರು ಬೆಂಚು ಖಾಲಿಯಾಗಿತ್ತು. ಅತ್ತೆ ಅದನ್ನೇ ನೋಡುತ್ತ, “ಹೋಗು,” ಎಂದರು. “ನಾನು ಬೇಡ ಅನ್ನಲ್ಲ. ಅವನೂ ತಡೆಯದ ಹಾಗೆ ನಾನು ನೋಡ್ಕೋತೀನಿ. ಆದ್ರೆ ನಿನಗೆ ಗೊತ್ತು ಅನ್ನೋದು ಅವನಿಗೆ ಯಾವತ್ತೂ ಗೊತ್ತಾಗ್ಬಾರ್ದು. ನಾನು ಸತ್ತ ಮೇಲೂ.”

“ಕಿಡ್ನಿ ತಗೊಂಡು ಓಡಿಹೋದಳು ಅಂತಾರೆ ಎಲ್ರೂ.”

“ಅಂತಾರೆ.”

“ನಾನು ಬಾಯಿ ಮುಚ್ಕೊಂಡು ಕೇಳ್ಬೇಕು.”

“ಕೇಳ್ಬೇಕು.”

“ಪುಟ್ಟಿ ದೊಡ್ಡವಳಾದ ಮೇಲೂ?”

“ಅವಳಿಗಂತೂ ಬೇಡವೇ ಬೇಡ. ಅಪ್ಪ ಕಣೇ ಅವನು ಅವಳಿಗೆ.”

ಒಳಗಿನಿಂದ ಕೂಗಿದರು: “ಕಿಡ್ನಿ ಕೊಟ್ಟವರು ಯಾರು? ಅವರು ಮೊದ್ಲು ಬನ್ನಿ.” ಅತ್ತೆ ಸೊಸೆಯ ಭುಜ ಊರಿಕೊಂಡು ಎದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು ಒಳಗೆ ನಡೆದರು. ಆ ವರ್ಷದ ವರದಿ ಇಬ್ಬರದೂ ಚೆನ್ನಾಗಿಯೇ ಬಂತು.

ಹೊರಡುವ ದಿನ ಲಾಂಡ್ರಿಯ ವ್ಯಾನು ಬಂತು. ಅತ್ತೆ ಎರಡು ಜಗ್ಗುಗಳನ್ನು ಟವೆಲ್ಲಿನಲ್ಲಿ ಸುತ್ತಿ ತಾವೇ ಮುಂದಿನ ಸೀಟಿನಲ್ಲಿಟ್ಟರು. ಮೊಮ್ಮಗಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಏನೋ ಹೇಳಿದರು. ಗಂಡ ಡ್ಯೂಟಿಯಿದೆಯೆಂದು ಬೆಳಗ್ಗೆಯೇ ಹೋಗಿದ್ದ. ಪಕ್ಕದ ಮನೆಯವಳು ಗೇಟಿನ ಹತ್ತಿರ ನಿಂತು, ಕೇಳಿಸಲೆಂದೇ, “ಇಂಥವ್ರಿಗೆಲ್ಲ ಯಾರಾದ್ರೂ ಇನ್ಮೇಲೆ ಕೊಡ್ತಾರಾ?” ಎಂದಳು. ವ್ಯಾನು ತಿರುವು ದಾಟುವವರೆಗೂ ಮಗು ಹಿಂದಿನ ಗಾಜಿಗೆ ಮೂಗು ಒತ್ತಿಕೊಂಡು ಅತ್ತಿತು. ಅಳುವಾಗಲೂ ಮುಖವನ್ನು ಅಮ್ಮನ ಕಡೆ ತಿರುಗಿಸಲಿಲ್ಲ. ಸಿಂಬಳ ಬಂದಿತ್ತಲ್ಲ.

ಮೂರು ವಾರ ಕಳೆದು ಒಂದು ಭಾನುವಾರ ಬೆಳಗ್ಗೆ ಗಂಡ ಬಂದ. ಜೊತೆಗೆ ಚಿಕ್ಕಪ್ಪ. ಹೊಸ ಕೌಂಟರಿನಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು, ಕಂಬಳಿ ತಂದ ಮುದುಕ ಮತ್ತು ಎರಡು ಕೋಟು ತಂದ ಒಬ್ಬ ಟೀಚರು. ಮಗಳಿಗೆ ಹಿಂದಿನ ದಿನದಿಂದ ಕೆಮ್ಮು. ನಂಬರಮ್ಮ ಮುಖಕ್ಕೆ ಮಾಸ್ಕು ಕಟ್ಟಿಕೊಂಡಿದ್ದಳು. ಮಗು ಮೇಲಿನ ಕೋಣೆಗೆ ಹೋಗುವ ಮೆಟ್ಟಿಲ ಮೇಲೆ, ಹಳದಿ ಫ್ರಾಕಿನಲ್ಲಿ ಕೂತಿತ್ತು.

“ಇದೇನಾ ನಿನ್ನ ಅರಮನೆ?” ಚಿಕ್ಕಪ್ಪ ಕೇಳಿದರು. ಆಮೇಲೆ ಗಿರಾಕಿಗಳ ಕಡೆ ತಿರುಗಿ, ಪರಿಚಯ ಮಾಡಿಕೊಡುವವರ ಹಾಗೆ, “ನೋಡಿ ಸ್ವಾಮಿ, ಈಕೆ ನಮ್ಮನೆ ಸೊಸೆ. ನಮ್ಮತ್ತಿಗೆ ತಮ್ಮ ಕಿಡ್ನಿ ತೆಗೆದುಕೊಟ್ಟು ಉಳಿಸ್ಕೊಂಡ್ರು. ಮೈ ಸರಿಹೋಯ್ತು, ಹಾರಿಬಂದ್ಲು. ಮೊಮ್ಮಗಳನ್ನೂ ಕಿತ್ಕೊಂಡು ಬಂದ್ಲು,” ಎಂದರು.

ಟೀಚರು ತನ್ನ ಕೋಟುಗಳನ್ನು ನೋಡತೊಡಗಿದಳು. ಮುದುಕ ಮಾತ್ರ ನಂಬರಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

ಗಂಡ ಚಿಕ್ಕಪ್ಪನ ತೋಳು ಹಿಡಿದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು. ಮೂರು ವಾರದಲ್ಲಿ ಇಳಿದುಹೋಗಿದ್ದ.

“ಬಿಡಿ ಚಿಕ್ಕಪ್ಪ,” ಎಂದ. “ನಾನು ಕ್ಷಮಿಸಿದ್ದೀನಿ ಅವಳನ್ನ.”

ನಂಬರಮ್ಮನ ಬಾಯಿ ತೆರೆಯಿತು. ನಾಲ್ಕೇ ಮಾತು ಸಾಕಿತ್ತು. ಅವು ಹಲ್ಲಿನವರೆಗೆ ಬಂದಿದ್ದವು. ಮಾಸ್ಕಿನ ಒಳಗೆ ತುಟಿಗಳು ಅಲುಗಿದ್ದು ಯಾರಿಗೂ ಕಾಣಲಿಲ್ಲ. ಮೆಟ್ಟಿಲ ಮೇಲೆ ಕೂತ ಮಗಳ ಕಣ್ಣು ಅಪ್ಪನ ಮೇಲಿತ್ತು.

ಅವಳು ಕೈ ಚಾಚಿ, ಗಂಡನ ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ತೆಗೆದುಕೊಂಡಳು. ನಾಲ್ಕು ಅಂಗಿ. ತೊಳೆಯುವವರಿಲ್ಲದೆ ಕಾಲರು ಕಪ್ಪಾಗಿತ್ತು. ಹಳೆಯ ಲಾಂಡ್ರಿಯ ನಂಬರು ಇಲ್ಲಿ ನಡೆಯುವುದಿಲ್ಲ. ಇನ್ನೂರ ಹನ್ನೆರಡರ ಮೇಲೆ ಗೆರೆ ಎಳೆದು, ಕೆಳಗೆ ಮೂವತ್ತೊಂದು ಎಂದು ಬರೆದಳು. ಒಂದು ಅಂಗಿಯ ಎದೆಯ ಮೇಲೆ ಎಣ್ಣೆಯ ಕಲೆಯಿತ್ತು. ಅದರ ಸುತ್ತ ಕೆಂಪು ದಾರದ ಒಂದು ಸುತ್ತು ಹಾಕಿದಳು. ರಸೀದಿ ಹರಿದುಕೊಟ್ಟಳು.

“ಗುರುವಾರ ಬನ್ನಿ. ಕಲೆ ಹೋಗುತ್ತೆ ಅಂತ ಹೇಳೋಕಾಗಲ್ಲ.”

ಎಲ್ಲರೂ ಹೋದ ಮೇಲೆ ಮೆಟ್ಟಿಲಿನಿಂದ ಭುಸ್ಸೆಂದು ಸದ್ದು ಬಂತು.

“ಇಲ್ಲಿ ಉಸಿರು ಹಿಡ್ಕೋಬೇಡ ಅಂತ ಹೇಳಿದ್ದೀನಲ್ಲ ಪುಟ್ಟಿ.”

“ಮರ್ತುಹೋಗುತ್ತಮ್ಮ.” ಮಗು ಎರಡು ಮೆಟ್ಟಿಲು ಇಳಿದು ಬಂದು ಅಲ್ಲೇ ನಿಂತಿತು. ಬಾಗಿ, ಕೌಂಟರಿನ ಕೆಳಗಿಟ್ಟ ಜಗ್ಗಿನ ಕೆಂಪು ಗೆರೆಯನ್ನು ನೋಡಿತು. ಸೊಂಟದ ಮೇಲೆ ಕೈಯಿಟ್ಟುಕೊಂಡಿತು. ಮೂವತ್ತು ವರ್ಷ ಟೆಲಿಫೋನು ಹಿಡಿದವರ ದನಿ ಆ ಸಣ್ಣ ಗಂಟಲಿನಿಂದ ಹೊರಟಿತು.

“ನಮ್ಮದು ಹೇಗಿದೆಯೇ?”

ನಂಬರಮ್ಮ ತಿರುಗಿ ನೋಡಿದಳು.

“ದಿನಾ ಕೇಳು ಅಂದಿದ್ದಾರೆ ಅಜ್ಜಿ. ಕೇಳ್ಕೊಂಡು ಫೋನಲ್ಲಿ ಹೇಳ್ಬೇಕು. ನೀನು ಹೇಳದೇ ಇದ್ರೆ ನಾನು ಸುಳ್ಳು ಹೇಳ್ಬೇಕಾಗುತ್ತೆ.” ಮಗು ಕೆಮ್ಮಿ, ಬಾಯಿಗೆ ಫ್ರಾಕಿನ ಕತ್ತನ್ನು ಎಳೆದುಕೊಂಡಿತು. ಒಳಗಿನ ಕಪ್ಪು ಅಂಕಿಗಳು, ಗೆರೆ ಎಳೆದದ್ದೂ ಗೆರೆ ಎಳೆಯದ್ದೂ, ಹೊರಗೆ ಕಂಡವು. “ಹೇಳಮ್ಮ. ಬಣ್ಣ?”

“ತಿಳಿಯಾಗಿತ್ತು,” ಎಂದಳು ಅವಳು. ಲೋಟಕ್ಕೆ ನೀರು ಬಗ್ಗಿಸಿಕೊಂಡು, ಮಾಸ್ಕು ಕೆಳಗೆ ಸರಿಸಿ, ಮಗಳು ನೋಡುತ್ತಿರುವಂತೆಯೇ ಗೆರೆಯವರೆಗೆ ಕುಡಿದು ಮುಗಿಸಿದಳು.